ರಟ್ಟು, ಮಸೂರ, ಮೊಬೈಲ್ ಪರದೆ: ಕೈಯಾರೆ ಕಟ್ಟಿದ ಮಿಥ್ಯಾವಾಸ್ತವ

ತಲೆಗೆ ಬಿಗಿದುಕೊಳ್ಳುವ ಕನ್ನಡಕದಂಥ ಸಾಧನದ ಮೂಲಕ, ಇಲ್ಲದ ಜಗತ್ತನ್ನು ಕಣ್ಣೆದುರೇ ಇರುವಂತೆ ತೋರಿಸುವ ತಂತ್ರಜ್ಞಾನಕ್ಕೆ ವರ್ಚುಯಲ್ ರಿಯಾಲಿಟಿ ಅಥವಾ ಮಿಥ್ಯಾವಾಸ್ತವ ಎಂದು ಹೆಸರು. ಇಂದು ಜಗತ್ತಿನ ದೊಡ್ಡ ಕಂಪನಿಗಳು ಈ ಕ್ಷೇತ್ರಕ್ಕೆ ಅಪಾರ ಹಣ ಸುರಿಯುತ್ತಿವೆ. ಆದರೆ ಇದರ ಮುಖ್ಯ ತಿರುವುಗಳಲ್ಲಿ ಹಲವು ನಡೆದದ್ದು ಅಂಟು, ಟೇಪು, ಕಿಸೆ ಟಿ.ವಿ.ಯ ಪರದೆ, ಮಡಚಿದ ರಟ್ಟುಗಳಿಂದ ಕೈಯಾರೆ ಜೋಡಿಸಿದ ಮಾದರಿಗಳಲ್ಲಿ ಎಂಬುದು ಕುತೂಹಲಕರ.

ಪೆಟ್ಟಿಗೆ ಕಟ್ಟುವುದು ಒಂದು ಸಂಜೆಯ ಕೆಲಸ. ಅದನ್ನು ತೊಟ್ಟವರಿಗೆ ತಲೆ ಸುತ್ತದಂತೆ, ಹೊಟ್ಟೆ ತೊಳಸದಂತೆ ನೋಡಿಕೊಳ್ಳುವುದು ಮಾತ್ರ ಸುಲಭವಲ್ಲ. ಮನುಷ್ಯನ ಕಣ್ಣು ಮತ್ತು ಒಳಕಿವಿಗಳು ಸಣ್ಣ ಮೋಸವನ್ನೂ ಕ್ಷಣಮಾತ್ರದಲ್ಲಿ ಪತ್ತೆ ಹಚ್ಚುತ್ತವೆ. ಆ ಮೋಸ ಎಲ್ಲಿ ಬಯಲಾಗುತ್ತದೆ ಎಂಬುದನ್ನು ಅಗ್ಗದಲ್ಲಿ, ಬೇಗನೆ ತೋರಿಸಿಕೊಡುವುದೇ ಕೈಯಿಂದ ಕಟ್ಟಿದ ಮಾದರಿಯ ಪ್ರಯೋಜನ. ಇಂಥ ಮಾದರಿಗಳ ಇತಿಹಾಸ, ರಚನೆ, ಕಟ್ಟುವ ಕ್ರಮ ಹಾಗೂ ವಹಿಸಬೇಕಾದ ಎಚ್ಚರಿಕೆಗಳ ವಿವರ ಇಲ್ಲಿದೆ.

ಎರಡು ಕಣ್ಣು, ಎರಡು ಚಿತ್ರ

ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆಬೇರೆ ಕೋನಗಳಿಂದ ನೋಡುತ್ತವೆ. ಈ ಎರಡು ಚಿತ್ರಗಳ ವ್ಯತ್ಯಾಸದಿಂದ ಮೆದುಳು ಆಳವನ್ನು ಲೆಕ್ಕ ಹಾಕುತ್ತದೆ. 1838ರಲ್ಲಿ ಬ್ರಿಟನ್ನಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ಈ ತತ್ತ್ವವನ್ನು ವಿವರಿಸಿ, ಕನ್ನಡಿಗಳನ್ನು ಬಳಸಿದ ಸ್ಟೀರಿಯೋಸ್ಕೋಪ್ ಎಂಬ ಉಪಕರಣವನ್ನು ಮುಂದಿಟ್ಟರು. 1849ರಲ್ಲಿ ಡೇವಿಡ್ ಬ್ರೂಸ್ಟರ್ ಕನ್ನಡಿಗಳ ಬದಲು ಮಸೂರಗಳನ್ನು ಅಳವಡಿಸಿ ಅದನ್ನು ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆಯಾಗಿಸಿದರು. ಮಕ್ಕಳು ಸನ್ನೆ ಒತ್ತುತ್ತಾ ಚಿತ್ರ ನೋಡುತ್ತಿದ್ದ ವ್ಯೂ-ಮಾಸ್ಟರ್ ಆಟಿಕೆ ಇದೇ ವಂಶದ್ದು.

ಅಮೆರಿಕದ ಛಾಯಾಗ್ರಾಹಕ ಮಾರ್ಟನ್ ಹೈಲಿಗ್ ತಲೆಗೆ ಧರಿಸುವ ದೃಶ್ಯಸಾಧನವೊಂದಕ್ಕೆ 1960ರಲ್ಲಿ ಪೇಟೆಂಟ್ ಪಡೆದರು. ಆದರೆ ತಲೆ ಹೊರಳಿಸಿದರೆ ಅದರ ಚಿತ್ರ ಬದಲಾಗುತ್ತಿರಲಿಲ್ಲ. ಮಿಥ್ಯಾವಾಸ್ತವಕ್ಕೂ ಸ್ಟೀರಿಯೋಸ್ಕೋಪಿಗೂ ಇರುವ ಭೇದ ಇದೇ. ನೋಡುಗ ಬಲಕ್ಕೆ ತಿರುಗಿದರೆ ಬಲಗಡೆಯ ದೃಶ್ಯವೇ ಕಾಣಬೇಕು, ಅದೂ ತಡವಿಲ್ಲದೆ.

ಛಾವಣಿಗೆ ತೂಗುಬಿಟ್ಟ ಯಂತ್ರ

ಈ ಷರತ್ತನ್ನು ಮೊದಲು ಈಡೇರಿಸಿದವರು ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ತಮ್ಮ ವಿದ್ಯಾರ್ಥಿಗಳೊಂದಿಗೆ ಕಟ್ಟಿದ ಸಾಧನದ ವಿವರ 1968ರಲ್ಲಿ ಪ್ರಕಟವಾಯಿತು. ಕಣ್ಣುಗಳ ಬದಿಯಲ್ಲಿ ಎರಡು ಪುಟ್ಟ ಚಿತ್ರನಳಿಕೆಗಳಿದ್ದವು. ತಲೆಯ ಚಲನೆಯನ್ನು ಅಳೆಯಲು ಛಾವಣಿಯಿಂದ ಇಳಿಬಿಟ್ಟ ಲೋಹದ ತೋಳೊಂದನ್ನು ಶಿರಪಟ್ಟಿಗೆ ಜೋಡಿಸಲಾಗಿತ್ತು. ನೆತ್ತಿಯ ಮೇಲೆ ತೂಗುತ್ತಿದ್ದ ಕಾರಣದಿಂದ ಅದಕ್ಕೆ ಗ್ರೀಕ್ ಕಥೆಯ ಡಾಮಕ್ಲೀಸನ ಖಡ್ಗದ ಹೆಸರು ಅಂಟಿಕೊಂಡಿತು. ತೋರಿದ್ದು ಗೆರೆಗಳಿಂದಾದ ಘನಾಕೃತಿಯಂಥ ಸರಳ ಚಿತ್ರಗಳನ್ನೇ ಆದರೂ, ನೋಡುಗ ತಲೆ ಆಡಿಸಿದಂತೆ ಅವು ತಮ್ಮ ಸ್ಥಾನದಲ್ಲೇ ನಿಂತಿದ್ದವು.

1985ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಮೆಕ್‌ಗ್ರೀವಿ ಮತ್ತು ಸಂಗಡಿಗರು ಬೇರೊಂದು ಹಾದಿ ಹಿಡಿದರು. ಕಿಸೆಯಲ್ಲಿಟ್ಟುಕೊಳ್ಳುವ ಟಿ.ವಿ.ಗಳ ಕಪ್ಪುಬಿಳುಪು ಎಲ್‌ಸಿಡಿ ಪರದೆಗಳನ್ನು ತೆಗೆದು, ಎರಿಕ್ ಹೌಲೆಟ್ ಎಂಬವರು ಸ್ಟೀರಿಯೋ ಛಾಯಾಚಿತ್ರಗಳಿಗಾಗಿ ರೂಪಿಸಿದ್ದ ಅಗಲ ನೋಟದ ಮಸೂರಗಳ ಹಿಂದೆ ಕೂರಿಸಿದರು. ಅಂಗಡಿಯಲ್ಲಿ ಸಿಗುವ ಗ್ರಾಹಕ ವಸ್ತುವೇ ಬಾಹ್ಯಾಕಾಶ ಸಂಸ್ಥೆಯ ಪ್ರಯೋಗಕ್ಕೆ ಬಿಡಿಭಾಗವಾಯಿತು. ಬೇರೊಂದು ಉದ್ಯಮಕ್ಕಾಗಿ ತಯಾರಾದ ಪರದೆಯನ್ನು ಎರವಲು ಪಡೆಯುವ ಈ ಉಪಾಯ ಮುಂದೆಯೂ ಮತ್ತೆ ಮತ್ತೆ ಕೈಹಿಡಿಯಿತು.

ತೊಂಬತ್ತರ ದಶಕದಲ್ಲಿ ಉದ್ಯಮ ಭಾರೀ ನಿರೀಕ್ಷೆ ಹುಟ್ಟಿಸಿ ಮುಗ್ಗರಿಸಿತು. ನಿಂಟೆಂಡೊ ಕಂಪನಿ 1995ರಲ್ಲಿ ಹೊರತಂದ ವರ್ಚುಯಲ್ ಬಾಯ್ ಕೆಂಪು ಬಣ್ಣವೊಂದನ್ನೇ ತೋರುತ್ತಿತ್ತು; ಮೇಜಿನ ಮೇಲಿಟ್ಟು ಮುಖ ಒತ್ತಿ ನೋಡಬೇಕಿತ್ತು. ವರ್ಷ ತುಂಬುವಷ್ಟರಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಅನಂತರ ಸುಮಾರು ಹದಿನೈದು ವರ್ಷ ಈ ತಂತ್ರಜ್ಞಾನ ಪ್ರಯೋಗಾಲಯ ಹಾಗೂ ಸೇನಾ ತರಬೇತಿಯ ಆಚೆಗೆ ಹೆಚ್ಚಾಗಿ ಕಾಣಿಸಲಿಲ್ಲ.

ಗ್ಯಾರೇಜಿನಿಂದ ಬಂದ ಮಾದರಿ

ಈ ನಿಶ್ಚಲತೆಯನ್ನು ಕದಡಿದವರು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ತರುಣ ಪಾಮರ್ ಲಕಿ. ಹಳೆಯ ಹೆಡ್‌ಸೆಟ್‌ಗಳನ್ನು ಕೊಂಡು ಬಿಚ್ಚಿ ನೋಡುವುದು ಅವರ ಹವ್ಯಾಸವಾಗಿತ್ತು. ಕೆಟ್ಟ ಐಫೋನ್‌ಗಳನ್ನು ದುರಸ್ತಿ ಮಾಡಿ ಮಾರಿದ ಹಣ ಇದಕ್ಕೆ ಒದಗುತ್ತಿತ್ತು. ಅವರು ಕಾಲೇಜಿನಲ್ಲಿ ಓದುತ್ತಿದ್ದದ್ದು ಪತ್ರಿಕೋದ್ಯಮ ಎಂಬುದು ಇಲ್ಲಿ ಉಲ್ಲೇಖಾರ್ಹ. ಮೊದಲ ಮಾದರಿಯನ್ನು 2010ರಲ್ಲಿ ಮನೆಯ ಗ್ಯಾರೇಜಿನಲ್ಲಿ ಜೋಡಿಸಿದರು.

ಲಕಿ ಕಂಡುಕೊಂಡ ಸಂಗತಿ ಸರಳವಾದದ್ದು. ಹಿಂದಿನ ಬಹುತೇಕ ತಯಾರಕರು ಪುಟ್ಟ ಪರದೆಯ ಮುಂದೆ ಹಲವು ಪದರಗಳ ದುಬಾರಿ ಮಸೂರ ಇಡುತ್ತಿದ್ದರು. ಮೊಬೈಲ್ ಉದ್ಯಮದ ದೆಸೆಯಿಂದ ದೊಡ್ಡ ಪರದೆಗಳೇ ಅಗ್ಗವಾಗಿದ್ದವು. ದೊಡ್ಡ ಪರದೆಯ ಮುಂದೆ ಸಾಮಾನ್ಯ ಮಸೂರ ಇಟ್ಟರೆ ನೋಟದ ಅಗಲ ಹೆಚ್ಚುತ್ತದೆ, ಚಿತ್ರ ಮಾತ್ರ ಅಂಚುಗಳಲ್ಲಿ ಸೊಟ್ಟಗಾಗುತ್ತದೆ. ಆ ಸೊಟ್ಟವನ್ನು ಗಾಜಿನಿಂದ ಸರಿಪಡಿಸುವ ಬದಲು ಕಂಪ್ಯೂಟರಿನಲ್ಲೇ ಚಿತ್ರವನ್ನು ಮೊದಲು ವಿರುದ್ಧ ದಿಕ್ಕಿಗೆ ಬಾಗಿಸಿಬಿಟ್ಟರೆ ಸಾಕಲ್ಲ! ದುಬಾರಿ ಗಾಜಿನ ಕೆಲಸವನ್ನು ಅಗ್ಗದ ಗಣಿತಕ್ಕೆ ವಹಿಸಿದಂತಾಯಿತು.

ಪತ್ರಕರ್ತೆ ನಾನಿ ಡಿ ಲಾ ಪೇನಾ 2012ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ‘ಹಂಗರ್ ಇನ್ ಲಾಸ್ ಏಂಜಲಿಸ್’ ಎಂಬ ಕೃತಿ ತೋರಿಸಿದ್ದು ಲಕಿ ಕೈಯಾಡಿಸಿದ ಇಂಥದೇ ಮಾದರಿಯೊಂದರಲ್ಲಿ. ಉಚಿತ ಆಹಾರಕ್ಕಾಗಿ ಸಾಲಿನಲ್ಲಿ ನಿಂತ ಮಧುಮೇಹಿಯೊಬ್ಬ ಕುಸಿದು ಬೀಳುವ ನೈಜ ಘಟನೆಯ ಮರುಸೃಷ್ಟಿ ಅದು. ಅದೇ ವರ್ಷ ಜೂನ್‌ನಲ್ಲಿ ಆಟಗಳ ಖ್ಯಾತ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್, ಡಕ್ಟ್ ಟೇಪಿನಿಂದ ಸುತ್ತಿದ್ದ ಲಕಿಯ ಮಾದರಿಯನ್ನು ಲಾಸ್ ಏಂಜಲಿಸ್‌ನ ಇ3 ಮೇಳದಲ್ಲಿ ಪ್ರದರ್ಶಿಸಿದರು. ಆಗಸ್ಟ್‌ನಲ್ಲಿ ಆಕ್ಯುಲಸ್ ರಿಫ್ಟ್ ಹೆಸರಿನಲ್ಲಿ ಸಾರ್ವಜನಿಕರಿಂದ ಎರಡೂವರೆ ಲಕ್ಷ ಡಾಲರ್ ಕೋರಿದಾಗ ಸಂಗ್ರಹವಾದದ್ದು 24 ಲಕ್ಷ ಡಾಲರಿಗೂ ಅಧಿಕ. 2014ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಕಂಪನಿ ಆಕ್ಯುಲಸ್ ಸಂಸ್ಥೆಯನ್ನು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು.

ಎರವಲು ಬಿಡಿಭಾಗಗಳ ಕಷ್ಟವೂ ಇಲ್ಲಿ ಗೋಚರಿಸಿತು. ಯೋಜಿಸಿದ್ದ 5.6 ಅಂಗುಲದ ಪರದೆ ಬೇಕಾದಷ್ಟು ಸಂಖ್ಯೆಯಲ್ಲಿ ದೊರೆಯದೆ, 2013ರಲ್ಲಿ ರವಾನೆಯಾದ ಸಾಧನಗಳಲ್ಲಿ 7 ಅಂಗುಲದ ಪರದೆ ಅಳವಡಿಸಬೇಕಾಯಿತು. ಬೇರೆಯವರ ಉದ್ಯಮವನ್ನು ಆಶ್ರಯಿಸಿದ ಮಾದರಿ ಆ ಉದ್ಯಮದ ಏರಿಳಿತಕ್ಕೂ ಬದ್ಧವಾಗಿರುತ್ತದೆ.

ರಟ್ಟಿನ ಪೆಟ್ಟಿಗೆಯ ಏಳುಬೀಳು

ಫೋನನ್ನೇ ಪರದೆಯಾಗಿಸುವ ಯೋಚನೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಬೋಲಾಸ್ ಅವರ ಪ್ರಯೋಗಾಲಯದಲ್ಲಿ 2012ರಲ್ಲೇ ಮಡಚುವ ಪೆಟ್ಟಿಗೆಯ ರೂಪ ತಾಳಿತ್ತು. ಲಕಿ ಕೂಡ ಕೆಲಕಾಲ ಅಲ್ಲಿ ದುಡಿದಿದ್ದರು. ಇದನ್ನು ಜನಸಾಮಾನ್ಯರ ಕೈಗೆ ತಲುಪಿಸಿದ್ದು ಗೂಗಲ್. ಅದರ ಪ್ಯಾರಿಸ್ ಕಚೇರಿಯ ಡೇವಿಡ್ ಕೋಜ್ ಮತ್ತು ಡೇಮಿಯನ್ ಆನ್ರಿ ರೂಪಿಸಿದ ಕಾರ್ಡ್‌ಬೋರ್ಡ್ 2014ರ ಜೂನ್‌ನಲ್ಲಿ ಬಿಡುಗಡೆಯಾಯಿತು. ರಟ್ಟು, 45 ಮಿಲಿಮೀಟರ್ ಸಂಗಮದೂರದ ಎರಡು ಮಸೂರ, ಅಯಸ್ಕಾಂತ, ವೆಲ್ಕ್ರೋ ಪಟ್ಟಿ, ರಬ್ಬರ್ ಬ್ಯಾಂಡ್ ಇವೇ ಅದರ ಮುಖ್ಯ ಭಾಗಗಳು. ಪೆಟ್ಟಿಗೆಯ ಬದಿಯ ಅಯಸ್ಕಾಂತವನ್ನು ಜಾರಿಸಿದರೆ ಫೋನಿನೊಳಗಿನ ದಿಕ್ಸೂಚಿ ಸಂವೇದಕ ಅದನ್ನು ಗುರುತಿಸುತ್ತಿತ್ತು. ಹೀಗೆ ವಿದ್ಯುತ್ತಿಲ್ಲದ ಗುಂಡಿಯೊಂದು ಸಿದ್ಧವಾಯಿತು.

2015ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಚಂದಾದಾರರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಇಂಥ ಪೆಟ್ಟಿಗೆಗಳನ್ನು ಹಂಚಿ, ಯುದ್ಧದಿಂದ ನೆಲೆ ಕಳೆದುಕೊಂಡ ಮೂವರು ಮಕ್ಕಳ ಕುರಿತ ಚಿತ್ರವನ್ನು ತೋರಿಸಿತು. ಆದರೆ ಉತ್ಸಾಹ ಬಹುಕಾಲ ಉಳಿಯಲಿಲ್ಲ. ಗೂಗಲ್ 2019ರ ನವೆಂಬರ್‌ನಲ್ಲಿ ಇದರ ತಂತ್ರಾಂಶವನ್ನು ಮುಕ್ತಗೊಳಿಸಿತು. 2021ರಲ್ಲಿ ಪೆಟ್ಟಿಗೆಯ ಮಾರಾಟ ನಿಲ್ಲಿಸಿತು. ಒಮ್ಮೆ ನೋಡಿ ಅಚ್ಚರಿಪಟ್ಟವರು ಮತ್ತೆ ಮತ್ತೆ ಎತ್ತಿಕೊಳ್ಳದಿರಲು ಕಾರಣಗಳಿದ್ದವು. ಅವು ರಟ್ಟಿನಲ್ಲಿರಲಿಲ್ಲ, ಪರದೆ, ಸಂವೇದಕ ಮತ್ತು ವೇಗದಲ್ಲಿದ್ದವು.

ಪರದೆ ಮತ್ತು ಮಸೂರದ ಲೆಕ್ಕ

ಪೀನ ಮಸೂರದ ಸಂಗಮದೂರಕ್ಕಿಂತ ತುಸು ಒಳಗೆ ಪರದೆಯನ್ನಿಟ್ಟರೆ ಅದರ ಮಿಥ್ಯ ಪ್ರತಿಬಿಂಬ ದೊಡ್ಡದಾಗಿ, ದೂರದಲ್ಲಿರುವಂತೆ ಕಾಣುತ್ತದೆ. ಮೂಗಿನ ತುದಿಯಲ್ಲಿರುವ ಫೋನನ್ನು ಕಣ್ಣು ಆಯಾಸವಿಲ್ಲದೆ ನೋಡಲು ಸಾಧ್ಯವಾಗುವುದು ಹೀಗೆ. ಮಸೂರಗಳ ಕೇಂದ್ರಗಳ ನಡುವಿನ ಅಂತರ ನೋಡುಗನ ಪಾಪೆಗಳ ಅಂತರಕ್ಕೆ ಹೊಂದಬೇಕು. ವಯಸ್ಕರಲ್ಲಿ ಇದು ಸರಾಸರಿ 63 ಮಿಲಿಮೀಟರ್. ವ್ಯಕ್ತಿಯಿಂದ ವ್ಯಕ್ತಿಗೆ ಸಾಕಷ್ಟು ವ್ಯತ್ಯಾಸವಿರುತ್ತದೆ, ಮಕ್ಕಳಲ್ಲಿ ಇನ್ನೂ ಕಡಿಮೆ.

ಫೋನಿನ ಗಾತ್ರವೂ ಇಲ್ಲಿ ಮುಖ್ಯ. 5.5 ಅಂಗುಲದ ಹಳೆಯ ಮಾದರಿಯ ಪರದೆಯ ಉದ್ದ ಸುಮಾರು 122 ಮಿ.ಮೀ.; ಅರ್ಧಕ್ಕೆ ಸೀಳಿದರೆ ಪ್ರತಿ ಕಣ್ಣಿಗೆ 61 ಮಿ.ಮೀ. ಪಾಪೆಗಳ ಅಂತರಕ್ಕೆ ಇದು ಬಹುತೇಕ ಸರಿಹೊಂದುತ್ತದೆ. ಇಂದಿನ 6.5 ಅಂಗುಲದ ನೀಳ ಫೋನಿನ ಉದ್ದ ಸುಮಾರು 150 ಮಿ.ಮೀ. ಅದರ ಎರಡು ಅರ್ಧಗಳ ಕೇಂದ್ರಗಳು 75 ಮಿ.ಮೀ. ದೂರವಿರುತ್ತವೆ. ಚಿತ್ರಗಳನ್ನು ತಂತ್ರಾಂಶದಲ್ಲಿ ಒಳಕ್ಕೆ ಸರಿಸದಿದ್ದರೆ ಕಣ್ಣುಗಳು ಹೊರಮುಖವಾಗಿ ಎಳೆದಂತಾಗಿ ತಲೆನೋವು ಬರುತ್ತದೆ. ಹಳೆಯ ಪೆಟ್ಟಿಗೆಗೆ ಹೊಸ ಫೋನ್ ತುರುಕಿದವರ ದೂರಿಗೆ ಮೂಲ ಇದೇ.

ಪರದೆಯ ಚುಕ್ಕಿಗಳ ಸಾಂದ್ರತೆ ಮತ್ತೊಂದು ಮಿತಿ. 1920 ಚುಕ್ಕಿಗಳ ಪರದೆಯಲ್ಲಿ ಒಂದು ಕಣ್ಣಿಗೆ ದಕ್ಕುವುದು 960. ಅವು ಸುಮಾರು 68 ಡಿಗ್ರಿ ಅಗಲಕ್ಕೆ ಹರಡಿದಾಗ ಒಂದು ಡಿಗ್ರಿಗೆ 14 ಚುಕ್ಕಿಗಳಷ್ಟೇ ಸಿಗುತ್ತವೆ. ಆರೋಗ್ಯವಂತ ಕಣ್ಣು ಡಿಗ್ರಿಗೆ ಸುಮಾರು 60 ಚುಕ್ಕಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಆದ್ದರಿಂದಲೇ ದೃಶ್ಯ ಸೊಳ್ಳೆಪರದೆಯ ಆಚೆಯಿಂದ ನೋಡಿದಂತೆ ಕಾಣುತ್ತದೆ.

ತಲೆಯ ಚಲನೆ ಅಳೆಯುವ ಬಗೆ

ಫೋನಿನೊಳಗೆ ಮೂರು ಸಂವೇದಕಗಳಿರುತ್ತವೆ. ಜೈರೋಸ್ಕೋಪ್ ತಿರುಗುವ ವೇಗವನ್ನೂ, ಆಕ್ಸೆಲೆರೋಮೀಟರ್ ಭೂಮಿಯ ಸೆಳೆತದ ದಿಕ್ಕನ್ನೂ, ಮ್ಯಾಗ್ನೆಟೋಮೀಟರ್ ಉತ್ತರ ದಿಕ್ಕನ್ನೂ ತಿಳಿಸುತ್ತವೆ. ಸ್ವತಂತ್ರ ಪರದೆ ಬಳಸುವವರು ಎಂಪಿಯು-6050ರಂಥ ಪುಟ್ಟ ಚಿಪ್ಪನ್ನು ಆರ್ಡುಯಿನೊ ಫಲಕಕ್ಕೆ ಬೆಸುಗೆ ಹಾಕುತ್ತಾರೆ. ಇದರಲ್ಲಿ ಮೊದಲ ಎರಡು ಸಂವೇದಕಗಳಿವೆ. ಬೆಲೆ ಕೆಲವು ನೂರು ರೂಪಾಯಿ ಮಾತ್ರ.

ಈ ಮೂರರಲ್ಲಿ ಯಾವುದನ್ನೂ ಒಂಟಿಯಾಗಿ ನಂಬುವಂತಿಲ್ಲ. ಜೈರೋಸ್ಕೋಪಿನಲ್ಲಿ ಸೆಕೆಂಡಿಗೆ ಒಂದು ಡಿಗ್ರಿ ದೋಷವಿದ್ದರೂ ನಿಮಿಷವೊಂದರಲ್ಲಿ ಜಗತ್ತು 60 ಡಿಗ್ರಿ ಪಕ್ಕಕ್ಕೆ ಸರಿದಿರುತ್ತದೆ. ಆಕ್ಸೆಲೆರೋಮೀಟರ್ ಮೇಲು-ಕೆಳಗಿನ ವಾಲುವಿಕೆಯನ್ನು ತಿದ್ದಬಲ್ಲದು, ಎಡ-ಬಲದ ತಿರುವನ್ನಲ್ಲ. ಅದಕ್ಕೆ ದಿಕ್ಸೂಚಿಯೇ ಬೇಕು. ಆದರೆ ಪೆಟ್ಟಿಗೆಯಲ್ಲಿ ಅಯಸ್ಕಾಂತ ಅಥವಾ ಕಬ್ಬಿಣದ ತಿರುಪು ಇದ್ದರೆ ಉತ್ತರ ದಿಕ್ಕೇ ತಪ್ಪುತ್ತದೆ. ಮೂರರ ಮಾಹಿತಿಯನ್ನೂ ತೂಗಿ ಒಂದು ತೀರ್ಮಾನಕ್ಕೆ ಬರುವ ಗಣಿತವೇ ಈ ಸಾಧನದ ಜೀವಾಳ.

ಇಷ್ಟಾದರೂ ತಿಳಿಯುವುದು ತಲೆ ತಿರುಗಿದ್ದು ಮಾತ್ರ. ಮುಂದೆ ಬಾಗಿದ್ದು, ಹೆಜ್ಜೆಯಿಟ್ಟದ್ದು ತಿಳಿಯದು. ಇದಕ್ಕೆ ಪರಿಹಾರ ಹುಡುಕುವಾಗ ಅಮೆರಿಕದ ವಾಲ್ವ್ ಕಂಪನಿ ಕೋಣೆಯೊಂದರ ಗೋಡೆಗಳಿಗೆಲ್ಲ ಗುರುತುಗಳನ್ನು ಮುದ್ರಿಸಿದ ಕಾಗದಗಳನ್ನು ಅಂಟಿಸಿ, ಹೆಡ್‌ಸೆಟ್ಟಿನ ಕ್ಯಾಮೆರಾ ಅವನ್ನು ನೋಡಿ ತನ್ನ ಸ್ಥಾನ ಅರಿಯುವಂತೆ ಮಾಡಿತ್ತು. 2014ರಲ್ಲಿ ಆ ಕೋಣೆಯನ್ನು ಇತರ ತಂತ್ರಜ್ಞರಿಗೂ ತೋರಿಸಲಾಯಿತು.

ಇಪ್ಪತ್ತು ಮಿಲಿಸೆಕೆಂಡಿನ ಗಡಿ

ತಲೆ ತಿರುಗಿದ ಕ್ಷಣದಿಂದ ಹೊಸ ಚಿತ್ರದ ಬೆಳಕು ಕಣ್ಣು ತಲುಪುವವರೆಗಿನ ಅವಧಿ ಸುಮಾರು 20 ಮಿಲಿಸೆಕೆಂಡಿನೊಳಗಿರಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಗುರಿ. ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಲೆ ಹೊರಳಿದಾಗ 50 ಮಿಲಿಸೆಕೆಂಡ್ ತಡವಾದರೆ ಚಿತ್ರ 5 ಡಿಗ್ರಿ ಹಿಂದುಳಿಯುತ್ತದೆ. ಗೋಡೆಗಳು ಈಜಾಡಿದಂತೆ ಭಾಸವಾಗುತ್ತದೆ. ಒಳಕಿವಿ ‘ತಿರುಗಿದೆ’ ಎನ್ನುತ್ತದೆ, ಕಣ್ಣು ‘ಇನ್ನೂ ಇಲ್ಲ’ ಎನ್ನುತ್ತದೆ. ಈ ವಿರಸದ ಫಲ ವಾಕರಿಕೆ. ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಪುಸ್ತಕ ಓದುವವರಿಗೆ ಆಗುವ ಸಂಕಟಕ್ಕೂ ಇದು ಹತ್ತಿರದ ಸಂಬಂಧಿ.

ಸೆಕೆಂಡಿಗೆ 60 ಚಿತ್ರ ತೋರುವ ಪರದೆ ಒಂದು ಚಿತ್ರಕ್ಕೇ 16.7 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 90 ಚಿತ್ರಗಳಾದರೆ 11.1. ಹಾಗಾಗಿ ವೇಗದ ಪರದೆಯೇ ಲೇಸು. ಜೊತೆಗೆ, ಚಿತ್ರವನ್ನು ಪೂರ್ತಿ ಅವಧಿ ಬೆಳಗಿಸದೆ ಎರಡು-ಮೂರು ಮಿಲಿಸೆಕೆಂಡ್ ಮಾತ್ರ ಮಿಂಚಿಸಿ ಆರಿಸಿದರೆ ಕಲಸಿದಂತೆ ಕಾಣುವುದು ತಪ್ಪುತ್ತದೆ. 2014ರ ಎರಡನೇ ಆಕ್ಯುಲಸ್ ಮಾದರಿಯಲ್ಲಿ ಈ ವಿಧಾನ ಬಂತು.

ಕಟ್ಟುವ ಕ್ರಮ

ಮೊದಲ ಬಾರಿ ಪ್ರಯತ್ನಿಸುವವರು ಫೋನ್ ಆಧರಿಸಿದ ಪೆಟ್ಟಿಗೆಯಿಂದ ಆರಂಭಿಸುವುದು ಸೂಕ್ತ.

1. ಮಸೂರದ ಸಂಗಮದೂರ ಅಳೆಯಿರಿ. ದೂರದ ಕಿಟಕಿಯ ದೃಶ್ಯ ಬಿಳಿ ಗೋಡೆಯ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡುವಂತೆ ಮಸೂರ ಹಿಡಿದಾಗ, ಗೋಡೆಗೂ ಮಸೂರಕ್ಕೂ ಇರುವ ಅಂತರವೇ ಸಂಗಮದೂರ. ಎರಡೂ ಮಸೂರಗಳು ಒಂದೇ ಅಳತೆಯವಾಗಿರಬೇಕು.

2. ದೂರ ನೋಡುತ್ತಿರುವವರ ಪಾಪೆಗಳ ಅಂತರವನ್ನು ಇನ್ನೊಬ್ಬರು ಅಳತೆಪಟ್ಟಿಯಿಂದ ಅಳೆಯಲಿ. ಮಸೂರದ ಫಲಕವನ್ನು ಕೆಲವು ಮಿಲಿಮೀಟರ್ ಅತ್ತಿತ್ತ ಸರಿಸುವಂತೆ ಸೀಳಿನಲ್ಲಿ ಕೂರಿಸಿದರೆ ಹಲವರು ಬಳಸಬಹುದು.

3. ಹೊರಕವಚಕ್ಕೆ ಅಲೆಪದರದ ರಟ್ಟು ಸಾಕು. ಆದರೆ ಬೆವರು, ಮಳೆಗಾಲದ ತೇವಕ್ಕೆ ಅದು ಮೆದುವಾಗುತ್ತದೆ. ಮುಖಕ್ಕೆ ತಾಗುವ ಭಾಗಕ್ಕೆ ತೊಳೆಯಬಹುದಾದ ಸ್ಪಂಜು, ಮಸೂರದ ಫಲಕಕ್ಕೆ ಗಟ್ಟಿ ಪ್ಲಾಸ್ಟಿಕ್ ಅಥವಾ ತೆಳು ಪ್ಲೈವುಡ್ ಬಳಸುವುದು ಲೇಸು. ಪಿಎಲ್‌ಎ ಪ್ಲಾಸ್ಟಿಕ್‌ನಿಂದ ತ್ರೀಡಿ ಮುದ್ರಣ ಮಾಡಿದ ಕವಚ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುವುದರಿಂದ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಇಡಬಾರದು.

4. ನಡುವೆ ಅಡ್ಡಗೋಡೆ ಕಡ್ಡಾಯ. ಒಳಮೈಗೆಲ್ಲ ಹೊಳಪಿಲ್ಲದ ಕಪ್ಪು ಕಾಗದ ಅಂಟಿಸಿ. ಮಸೂರ ಮಂಜಾಗದಂತೆ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲಿ.

5. ಫೋನಿನ ಭಾರ ಪೂರ್ತಿ ಮೂಗಿನ ಮೇಲೆ ಬೀಳಬಾರದು. ನೆತ್ತಿಯ ಮೇಲೂ ಒಂದು ಪಟ್ಟಿ ಹಾಯಿಸಬೇಕು. ಪ್ರತ್ಯೇಕ ಬ್ಯಾಟರಿ ಇದ್ದರೆ ಹಿಂದಲೆಗೆ ಕಟ್ಟಿದಾಗ ತೂಕ ಸಮವಾಗುತ್ತದೆ.

6. ಮಸೂರ, ಪರದೆಗಳ ಅಳತೆಯನ್ನು ತಂತ್ರಾಂಶಕ್ಕೆ ತುಂಬಿ, ನೇರ ಗೆರೆಗಳ ಚೌಕಳಿ ಚಿತ್ರ ತೋರಿಸಿ ಪರೀಕ್ಷಿಸಿ. ಅಂಚಿನಲ್ಲಿ ಗೆರೆ ಬಾಗಿ ಕಂಡರೆ ಅಳತೆ ತಪ್ಪಿದೆ ಎಂದರ್ಥ.

ಇದರ ಮುಂದಿನ ಹಂತ ಸ್ವತಂತ್ರ ಎಲ್‌ಸಿಡಿ ಪರದೆ, ಚಾಲಕ ಫಲಕ ಮತ್ತು ಆರ್ಡುಯಿನೊ ಬಳಸಿ ಕಂಪ್ಯೂಟರಿಗೆ ಜೋಡಿಸುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ವೆಟ್ಸ್‌ಸ್ಟೈನ್ ಬೋಧಿಸಿದ ತರಗತಿಯಲ್ಲಿ ವಿದ್ಯಾರ್ಥಿಗಳು ವ್ಯೂ-ಮಾಸ್ಟರ್ ಕವಚಕ್ಕೆ ಪರದೆ, ಸಂವೇದಕ ಅಳವಡಿಸಿ ಹೆಡ್‌ಸೆಟ್ ಕಟ್ಟಿದ್ದಾರೆ. ರಿಲೇಟಿವ್ಟಿ ಎಂಬ ಮುಕ್ತ ಯೋಜನೆಯ ನಕ್ಷೆಗಳೂ ಲಭ್ಯ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿವೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ತ್ರೀಡಿ ಮುದ್ರಕ, ಆರ್ಡುಯಿನೊ ಸಾಮಾನ್ಯವಾಗಿ ದೊರೆಯುವುದರಿಂದ ರಾಜ್ಯದ ಪ್ರೌಢಶಾಲಾ ಮಕ್ಕಳಿಗೂ ಇದು ಎಟುಕದ ಕೆಲಸವೇನಲ್ಲ.

ವಹಿಸಬೇಕಾದ ಎಚ್ಚರಿಕೆ

ಮಸೂರಗಳನ್ನು ಬಿಸಿಲಿಗೆ ತೆರೆದಿಡುವುದು ಅಪಾಯಕಾರಿ. ಮೇಜಿನ ಮೇಲಿಟ್ಟ ಹೆಡ್‌ಸೆಟ್ಟಿನೊಳಗೆ ಸೂರ್ಯನ ಕಿರಣ ಕೇಂದ್ರೀಕೃತವಾದರೆ ಪರದೆ ಸುಡುತ್ತದೆ. ಮಸೂರದ ಮೂಲಕ ಸೂರ್ಯನನ್ನು ಎಂದೂ ನೋಡಬಾರದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮುಖದ ಹತ್ತಿರಕ್ಕೂ ತರಬಾರದು.

ಮೊದಲ ಪರೀಕ್ಷೆ ಕುರ್ಚಿಯಲ್ಲಿ ಕುಳಿತೇ ನಡೆಯಲಿ, ಕೆಲವೇ ನಿಮಿಷ ಸಾಕು. ತುಸು ವಾಕರಿಕೆ ಎನಿಸಿದ ಕೂಡಲೇ ತೆಗೆಯಬೇಕು. ಅಭ್ಯಾಸವಾದೀತೆಂದು ಸಹಿಸಿಕೊಂಡರೆ ತೊಂದರೆ ಹೆಚ್ಚುತ್ತದೆ. ತಲೆ ಸುತ್ತು ಪೂರ್ತಿ ಇಳಿಯುವವರೆಗೆ ವಾಹನ ಚಲಾಯಿಸಬಾರದು. ಮೂರ್ಛೆರೋಗ ಇರುವವರು ವೈದ್ಯರ ಸಲಹೆಯಿಲ್ಲದೆ ಬಳಸಬಾರದು. ವಯಸ್ಕರ ಅಳತೆಗೆ ಕಟ್ಟಿದ ಪೆಟ್ಟಿಗೆಯನ್ನು ಚಿಕ್ಕ ಮಕ್ಕಳ ಕಣ್ಣಿಗೆ ಕಟ್ಟುವುದು ತರವಲ್ಲ.

ಸರಿಪಡಿಸಲಾಗದ ಒಂದು ಮಿತಿಯೂ ಇದೆ. ಹತ್ತಿರದ ವಸ್ತು ಕಂಡಾಗ ಎರಡು ಕಣ್ಣುಗಳು ಒಳಕ್ಕೆ ಹೊರಳುತ್ತವೆ, ಆದರೆ ಕಣ್ಣಿನ ಮಸೂರ ಸದಾ ಒಂದೇ ದೂರಕ್ಕೆ ಹೊಂದಿಕೊಂಡಿರಬೇಕಾಗುತ್ತದೆ. ಈ ಎಳೆದಾಟದಿಂದ ಕಣ್ಣು ದಣಿಯುತ್ತದೆ. ಮಾರುಕಟ್ಟೆಯಲ್ಲಿರುವ ದುಬಾರಿ ಹೆಡ್‌ಸೆಟ್‌ಗಳೂ ಇದರಿಂದ ಪೂರ್ತಿ ಪಾರಾಗಿಲ್ಲ. ದೃಶ್ಯದ ಮುಖ್ಯ ವಸ್ತುಗಳನ್ನು ಒಂದೆರಡು ಮೀಟರ್ ಆಚೆ ಇರಿಸುವುದು ಸದ್ಯದ ಉಪಾಯ.

ಕೈಯಾರೆ ಕಟ್ಟಿದ ಹೆಡ್‌ಸೆಟ್ ಅಂಗಡಿಯ ಸಾಧನಕ್ಕೆ ಸಾಟಿಯಾಗಲಾರದು, ಆಗಬೇಕಾಗಿಯೂ ಇಲ್ಲ. ಅಂಗಡಿಯ ಸಾಧನ ತೊಂದರೆ ಕೊಟ್ಟರೆ ಬಳಸುವವರಿಗೆ ಕಾರಣ ತಿಳಿಯುವುದಿಲ್ಲ. ತಾನೇ ಕಟ್ಟಿದ ಪೆಟ್ಟಿಗೆಯಲ್ಲಿ ತಲೆ ಸುತ್ತಿದರೆ ತಪ್ಪು ಮಸೂರದ ಅಂತರದ್ದೋ, ಸಂವೇದಕದ್ದೋ, ಪರದೆಯ ವೇಗದ್ದೋ ಎಂದು ಒಂದೊಂದಾಗಿ ಬದಲಿಸಿ ನೋಡಬಹುದು. ಕಿಸೆ ಟಿ.ವಿ. ಬಿಚ್ಚಿದ ನಾಸಾ ತಂಡವೂ, ಟೇಪು ಸುತ್ತಿದ ಲಾಂಗ್ ಬೀಚ್‌ನ ತರುಣನೂ ಮಾಡಿದ್ದು ಅದನ್ನೇ.